ಮಡಿಕೆ ಬಿಚ್ಚದ ಸೀರೆ

ಗದ್ದ ಕಟ್ಟುವುದಕ್ಕೆ ಹಳೇ ಪಂಚೆ ಬೇಡ, ಬ್ಯಾಂಡೇಜೇ ಇರಲಿ ಎಂದು ನಸೀಮಾ ಹಠ ಹಿಡಿದಿದ್ದಳು. ಅಕ್ಕನಾಗಮ್ಮ ಹರಿದು ಕೊಟ್ಟ ಪಂಚೆಯ ತುಂಡನ್ನು ಪಕ್ಕಕ್ಕಿಟ್ಟಳು. ಕೈಚೀಲದಿಂದ ಬಿಳಿ ಸುರುಳಿ ತೆಗೆದು, ಗೋಡೆಗೆ ಒರಗಿಸಿ ಕೂಡಿಸಿದ್ದ ಓಬಕ್ಕನ ಗದ್ದದ ಕೆಳಗಿಂದ ಮೇಲಕ್ಕೆ ಸುತ್ತಿದಳು. ಗಂಟನ್ನು ನೆತ್ತಿಗೆ ತರದೆ ಕಿವಿಯ ಹಿಂದೆ ಬಿಗಿದಳು.

“ನೆತ್ತಿ ಮ್ಯಾಲೆ ಗಂಟು ಹಾಕಿದ್ರೆ ಹೆಣ ಮೊಲದಂಗೆ ಕಾಣ್ತೈತೆ ಅಂತ ಬೈತಿದ್ಲು,” ಎಂದಳು. “ಎಷ್ಟು ಸಲ ಬಿಚ್ಚಿಸಿ ಕಟ್ಟಿಸ್ಯಾಳೋ ನನ್ನ ಕೈಲಿ.”

“ಇದನ್ನೂ ಎದ್ದು ಬಿಚ್ಚಿಸ್ತಾಳೇನೋ ನೋಡು,” ಎಂದಳು ಅಕ್ಕನಾಗಮ್ಮ. ಪಕ್ಕದ ಮನೆಯಲ್ಲಿ ಮಂಡಕ್ಕಿ ಭಟ್ಟಿ ಇಟ್ಟವಳು. ಹೊಗೆಗೆ ಕೆಂಪಾದ ಅವಳ ಕಣ್ಣು ಎಂದೂ ಕೆಂಪೇ. ಇವತ್ತು ಅಳುತ್ತಿದ್ದಾಳೋ ಇಲ್ಲವೋ ಗೊತ್ತಾಗುವಂತಿರಲಿಲ್ಲ. “ನನ್ನ ಭಟ್ಟಿ ಬೂದಿ ತನ್ನ ಬಿಳೀ ಸೀರೆ ಮ್ಯಾಲೆ ಬೀಳ್ತೈತೆ ಅಂತ ದಿನಾ ಜಗಳ. ಇವತ್ತು ಬೆಂಕಿ ಹಾಕಿಲ್ಲ ಕಣೇ ಓಬಕ್ಕ. ಸಮಾಧಾನ ಆತಾ?”

ಓಬಕ್ಕ ಹರಿಹರದ ಸಣ್ಣ ಔಷಧಾಲಯದಲ್ಲಿ ಹೆರಿಗೆ ನರ್ಸು. ಹಿಂದಿನ ಸಂಜೆ ಯಾವುದೋ ಬಾಣಂತಿಯ ಮನೆಯಿಂದ ಬಂದು ಕಾಲು ತೊಳೆದುಕೊಂಡಿದ್ದಳು. ಎದೆ ಹಿಡಿದುಕೊಂಡು ಹೊಸ್ತಿಲ ಮೇಲೆ ಕುಳಿತವಳು ಮತ್ತೆ ಏಳಲಿಲ್ಲ. ಐವತ್ತು ತುಂಬಿರಲಿಲ್ಲ. ದಾವಣಗೆರೆಯ ಆಸ್ಪತ್ರೆಯಲ್ಲಿ ಅವಳ ಕೈಕೆಳಗೆ ಕೆಲಸ ಕಲಿತ ನಸೀಮಾ ಸುದ್ದಿ ತಿಳಿದೊಡನೆ ಸಿಕ್ಕ ರೈಲು ಹತ್ತಿ ಬಂದಿದ್ದಳು. ಮೈ ತೊಳೆದು, ಓಬಕ್ಕನದೇ ಇಸ್ತ್ರಿ ಮಾಡಿದ ಬಿಳಿ ಸೀರೆ ಉಡಿಸಿದ್ದಳು.

ಹೊರಗೆ ಜಗಲಿಯ ಮೇಲೆ ಜಂಬಯ್ಯ ಬೀಡಿ ಹಚ್ಚದೆ ಬೆರಳಲ್ಲಿ ಹೊರಳಿಸುತ್ತಾ ಕೂತಿದ್ದ. ಓಬಕ್ಕನ ಗಂಡ ಮದುವೆಯಾದ ಮರುವರ್ಷವೇ ಪ್ಲೇಗಿಗೆ ಹೋಗಿದ್ದ. ಆ ಗಂಡನ ಚಿಕ್ಕಪ್ಪನ ಮಗ ಈ ಜಂಬಯ್ಯ. ಮಣ್ಣು ಮಾಡುವ ಹೊಣೆ ಅವನದು. ಹೊಳೆದಂಡೆಯಲ್ಲಿ ಕುಣಿ ತೋಡಿಸಿಯಾಗಿತ್ತು, ಹಲಗೆ ಬಡಿಯುವವರು ಬಂದು ಅದರ ಚರ್ಮ ಕಾಯಿಸುತ್ತಿದ್ದರು. ಎಲ್ಲ ಸಿದ್ಧ. ಬರಬೇಕಾದದ್ದು ಒಂದೇ.

ಬೀದಿಯ ತುದಿಯಲ್ಲಿ ಕೊಟ್ಟೂರಪ್ಪನ ಸೈಕಲ್ ಕಾಣಿಸಿತು. ಅವನು ಔಷಧಾಲಯದ ಕಾಂಪೌಂಡರು. ಬೆಳಿಗ್ಗೆ ಮೊದಲ ಬಸ್ಸಿಗೇ ಓಬಕ್ಕನ ತವರೂರು ಲೋಕಿಕೆರೆಗೆ ಹೋಗಿ ಬಂದವನು. ಜಂಬಯ್ಯ ಎದ್ದು ನಿಂತ.

“ಸಿಕ್ಕಿದ್ನೇನೋ ಪಾಲಯ್ಯ?”

“ಸಿಕ್ಕಿದ. ಹೊಲದಾಗಿದ್ದ. ಅವಂದಲ್ಲ, ಯಾರ್ದೋ ಹೊಲ, ಕೂಲಿಗೆ ಹೊಡೀತಿದ್ದ. ಅಕ್ಕ ಹೋಗಿಬಿಟ್ಲಪ್ಪಾ ಅಂದೆ.”

“ಏನಂದ?”

“ಏನೂ ಅನ್ನಲಿಲ್ಲ. ಎತ್ತಿನ ಬೆನ್ನು ತಟ್ಟಿ ಇನ್ನೊಂದು ಸಾಲು ಹೊಡೆದ. ಈ ಕಡೆ ತಿರುಗಿ ಬರ್ತಾನಲ್ಲ, ಅವಾಗ ಮಾತಾಡ್ತಾನೆ ಅಂತ ಬದುವಿನ ಮ್ಯಾಲೆ ನಿಂತೆ. ತಿರುಗಿ ಬಂದ. ಮತ್ತೆ ಆ ಕಡೆ ಹೋದ.” ಕೊಟ್ಟೂರಪ್ಪ ಸೈಕಲ್ಲನ್ನು ಗೋಡೆಗೆ ಒರಗಿಸಿದ. “ನನಗೆ ಬಸ್ಸು ತಪ್ತಿತ್ತು. ಬಂದುಬಿಟ್ಟೆ.”

ಜಂಬಯ್ಯ ಮತ್ತೆ ಕೂತ. ಒಳಗಿದ್ದ ಹೆಂಗಸರು ಮುಖ ಮುಖ ನೋಡಿಕೊಂಡರು. ಮದುವೆಯಾದ ಹೆಣ್ಣು ಸತ್ತರೆ ತವರಿನವರು ಬರಬೇಕು, ಮುಖ ನೋಡಬೇಕು, ತಾವು ತಂದ ಹೊಸ ಸೀರೆಯನ್ನು ಹೊದಿಸಬೇಕು. ಆಮೇಲೆಯೇ ಹೆಣ ಎತ್ತುವುದು. ಓಬಕ್ಕನಿಗೆ ತವರು ಎಂದು ಉಳಿದವನು ತಮ್ಮ ಪಾಲಯ್ಯ ಒಬ್ಬನೇ. ಅವನಾದರೋ, ‘ನಿನ್ನ ಹೆಣಕ್ಕೂ ಸೀರೆ ತರಂಗಿಲ್ಲ’ ಎಂದು ಆಣೆ ಇಟ್ಟು ಹೋದವನು. ಆ ಮಾತು ನಾಲ್ಕು ಊರಿಗೆ ಗೊತ್ತಿತ್ತು.

“ಆಣೆ ಅಂತ ಆಣೆ,” ಎಂದಳು ಅಕ್ಕನಾಗಮ್ಮ. “ಎಲ್ಲರೂ ಇಡ್ತಾರೆ. ನನ್ನ ಗಂಡ ಹೆಂಡ ಮುಟ್ಟಂಗಿಲ್ಲ ಅಂತ ಎಷ್ಟು ದೇವರ ಮ್ಯಾಲೆ ಇಟ್ಟಾನೆ ಅಂತೀಯ.”

“ಇದು ಹಂಗಲ್ಲವ್ವ,” ಎಂದ ಜಂಬಯ್ಯ ಹೊರಗಿನಿಂದಲೇ. “ಕಾಯೋಣ.”

*

ಹತ್ತು ಹನ್ನೊಂದು ವರ್ಷದ ಹಿಂದಿನ ಮಾತು. ದಾವಣಗೆರೆಯಲ್ಲಿ ವ್ಯಾಪಾರಸ್ಥರು ಸೇರಿ ನಡೆಸುತ್ತಿದ್ದ ಒಂದು ಧರ್ಮಾಸ್ಪತ್ರೆ ಇತ್ತು. ಹೆರಿಗೆ ವಾರ್ಡಿಗೆ ಓಬಕ್ಕ ದೊಡ್ಡ ನರ್ಸು, ನಸೀಮಾ ಕಲಿಯುವ ಹುಡುಗಿ. ಹೊಟ್ಟೆ ಕೊಯ್ದು ಮಗು ತೆಗೆಯಬೇಕಾದರೆ ಗಂಡ, ಇಲ್ಲವೇ ಗಂಡನ ಮನೆಯ ಹಿರಿಯರು ಒಪ್ಪಿಗೆ ಕಾಗದಕ್ಕೆ ರುಜು ಹಾಕಬೇಕೆಂದು ಆಡಳಿತ ಮಂಡಳಿಯವರು ನಿಯಮ ಮಾಡಿದ್ದರು. ಹಿಂದೆಂದೋ ಯಾರೋ ಬಂದು ಗಲಾಟೆ ಮಾಡಿದ್ದರಂತೆ. ಡಾಕ್ಟರ್ ವಾಮದೇವಪ್ಪನವರು ಒಳ್ಳೆಯವರು, ಆದರೆ ನಿಯಮ ಮೀರುವವರಲ್ಲ.

ಆ ಮಧ್ಯಾಹ್ನ ನೀಲಕ್ಕ ಎಂಬ ಹುಡುಗಿಯನ್ನು ಗಾಡಿಯಲ್ಲಿ ತಂದರು. ಗಿರಣಿ ಕೆಲಸದವನ ಹೆಂಡತಿ, ಚೊಚ್ಚಲು. ಮಗು ಅಡ್ಡ ಬಿದ್ದಿತ್ತು. ಗಂಡ ಹತ್ತಿ ಲಾರಿಯ ಜೊತೆ ರಾಣೇಬೆನ್ನೂರಿಗೆ ಹೋಗಿದ್ದ. ಅತ್ತೆ ಬಾಗಿಲಿಗೆ ಬೆನ್ನು ಕೊಟ್ಟು ಕೂತಿದ್ದಳು.

“ಮಗ ಬರ್ಲಿ. ನಾನು ಹೆಬ್ಬೆಟ್ಟು ಒತ್ತಿ, ನಾಳೆ ಹೆಚ್ಚುಕಮ್ಮಿ ಆದ್ರೆ ಅವನಿಗೆ ಏನಂತ ಹೇಳ್ಲಿ? ನನ್ನ ಅತ್ತೀನೂ ನಾನೂ ಹೊಟ್ಟೆ ಕುಯ್ಸಿಕೊಂಡು ಹಡೆದಿಲ್ಲ.”

ಹುಡುಗಿಯ ತಾಯಿ ಭಾನುವಳ್ಳಿಯಿಂದ ನಡೆದೂ ಓಡಿಯೂ ಬಂದಿದ್ದಳು. ನಸೀಮಾಳ ಕೈಯಲ್ಲಿದ್ದ ಶಾಯಿ ಪ್ಯಾಡಿಗೆ ತಾನೇ ಹೆಬ್ಬೆಟ್ಟು ಒತ್ತಿ, ಓಬಕ್ಕ ಹಿಡಿದಿದ್ದ ಕಾಗದದ ಕಡೆ ಕೈ ಚಾಚಿದಳು.

“ನಾನು ಹಡೆದಾಕಿ. ನಂದು ತಗೋರವ್ವ.”

“ನಿಮ್ಮದು ನಡಿಯಂಗಿಲ್ಲಮ್ಮ,” ಎಂದಳು ಓಬಕ್ಕ. ಹೇಳಿ, ಆ ಕೈಯನ್ನು ಮೆಲ್ಲಗೆ ಆಚೆ ತಳ್ಳಿದಳು. ಡಾಕ್ಟರು ಒಳಗೆ ಕೈ ತೊಳೆದುಕೊಂಡು ಕಾಯುತ್ತಿದ್ದರು. ಓಬಕ್ಕ ಒಳಗೆ ಹೋಗಿ ಅವರ ಮುಖ ನೋಡಿದಳು. ಅವರು ಕಿಟಕಿಯ ಕಡೆ ನೋಡಿದರು. ಹೊರಗೆ ಬಂದು ಅತ್ತೆಯ ಕಾಲ ಬಳಿ ಕೂತು ಬೇಡಿಕೊಂಡಳು, ಬೈದಳು, ಮತ್ತೆ ಬೇಡಿಕೊಂಡಳು. ಗಿರಣಿಯ ಸಂಜೆ ಸೀಟಿ ಕೂಗುವ ಮೊದಲೇ ನೀಲಕ್ಕ ಹೋಗಿಬಿಟ್ಟಳು. ಮಗುವೂ ಉಳಿಯಲಿಲ್ಲ.

ಮರುದಿನ ಗಂಡನೂ ಅವನ ಕಡೆಯವರೂ ಚಟ್ಟ ತಂದು ಶವದ ಕೋಣೆಯ ಮುಂದೆ ನಿಂತಿದ್ದರು. ಎತ್ತಲಿಲ್ಲ. ಭಾನುವಳ್ಳಿಯವಳು ಬರಲಿ ಎಂದು ಕಾದರು. ಅವಳು ಸೀರೆ ಹಿಡಿದುಕೊಂಡು ಬಂದಾಗ ಎಲ್ಲರೂ ಎದ್ದು ದಾರಿ ಬಿಟ್ಟರು. ಅತ್ತೆಯೂ ಎದ್ದಳು. ಮಗಳಿಗೆ ಸೀರೆ ಹೊದಿಸಿ, ಹೊರಗೆ ಬಂದು, ಕಂಬದ ಬಳಿ ನಿಂತಿದ್ದ ಓಬಕ್ಕನ ಎದುರು ಅವಳು ನಿಂತಳು. ಅವಳ ಹೆಬ್ಬೆರಳಲ್ಲಿ ಶಾಯಿ ಇನ್ನೂ ಹೋಗಿರಲಿಲ್ಲ.

“ನಿನ್ನೆ ನನ್ನ ಹೆಬ್ಬೆಟ್ಟು ಬ್ಯಾಡ ಅಂದ್ರಿ,” ಎಂದಳು. ಸಿಟ್ಟಿನಿಂದಲ್ಲ, ಗೊತ್ತಿಲ್ಲದ್ದನ್ನು ಕೇಳುವವಳ ಹಾಗೆ. “ಇವತ್ತು ನನ್ನ ಸೀರೆ ಬರೋತನಕ ಎಲ್ಲಾರೂ ಕಾದ್ರಿ. ಇದು ಹೆಂಗವ್ವ?”

ಆಮೇಲೆ ಬಹಳ ದಿನ ಓಬಕ್ಕ ಊಟಕ್ಕೆ ಕೂತವಳು ಬಲಗೈ ನೋಡುತ್ತಾ ಕೂತುಬಿಡುವಳು. “ಕೈಗೇನಾಗೈತಕ್ಕ?” ಎಂದು ನಸೀಮಾ ಕೇಳಿದರೆ, “ಏನಾಗೈತೆ? ಏನೂ ಆಗಿಲ್ಲ. ಅದಕ್ಕೇ ನೋಡ್ತೀನಿ,” ಎನ್ನುವಳು. ಕೆಲಸ ಬಿಟ್ಟು ಲೋಕಿಕೆರೆಗೆ ಹೋಗುತ್ತೇನೆಂದು ಒಂದು ಸಲ ಟ್ರಂಕೂ ಕಟ್ಟಿದ್ದಳು. ಅಷ್ಟರಲ್ಲಿ ಯಾರಿಗೋ ಬೇನೆ ಶುರುವಾಗಿ, ಟ್ರಂಕು ಕಟ್ಟಿದ ಹಾಗೇ ಮಂಚದ ಕೆಳಗೆ ಹೋಯಿತು.

*

ಮಧ್ಯಾಹ್ನದ ಬಿಸಿಲು ಜಗಲಿಗೆ ಬಂತು. ಹಲಗೆಯವರು ಬೇವಿನ ನೆರಳಿಗೆ ಸರಿದರು. ಓಬಕ್ಕನ ಕೈಯಲ್ಲಿ ಹೆತ್ತವರು, ಹುಟ್ಟಿದವರು ಬಂದು ಹೋಗುತ್ತಿದ್ದರು. ಒಬ್ಬಳು ಮಗನನ್ನು ಮುಂದೆ ನೂಕಿ, “ಇವನು ಹುಟ್ಟಿದಾಗ ಅಳಲಿಲ್ಲ ಅಂತ ಅಂಡಿಗೆ ಹೊಡೆದು ಅಳಿಸಿದಾಕಿ ಈಕೀನೇ, ಕೈ ಮುಗಿ,” ಎಂದಳು. ಹುಡುಗ ಕೈ ಮುಗಿಯುವುದಕ್ಕೆ ಮುಂಚೆ ಅಂಡು ಮುಟ್ಟಿಕೊಂಡ. ಸಾವಿನ ಮನೆಯಲ್ಲಿ ನಗಬಾರದೆಂದು ಹೆಂಗಸರು ಸೆರಗು ಬಾಯಿಗೆ ಹಿಡಿದರು.

“ಜಂಬಯ್ಯಣ್ಣ,” ಎಂದಳು ನಸೀಮಾ ಬಾಗಿಲಿಗೆ ಬಂದು. “ಬಿಸಿಲು ಹಿಂಗೈತೆ. ಹೆಣ ಬಾಳ ಹೊತ್ತು ಇಡಬಾರದು. ನಾನು ನರ್ಸು, ನನಗೆ ಗೊತ್ತು.”

“ನನಗೂ ಗೊತ್ತವ್ವ. ಆದ್ರೆ ತವರಿನವರಿಗೆ ತೋರಿಸದಂಗೆ ಮಣ್ಣು ಮಾಡಬಾರ್ದು ಅಂತ ಹಿರಿಯರು ಯಾಕ ಮಾಡಿಟ್ಟಾರೆ? ಗಂಡನ ಮನ್ಯಾಗೆ ಹೊಡೆದು ಸಾಯಿಸಿ, ಗಪ್‌ಚುಪ್ ಹೂತು ಬಂದ್ರೆ ಕೇಳೋರು ಯಾರು? ಈ ಸೀರೆ ಒಂದು ಐತೆ ಅಂತ ಹೆಣ್ಣುಮಕ್ಕಳು ಉಳಕೊಂಡಾವೆ. ನನಗೂ ಮೂರು ಹೆಣ್ಣುಮಕ್ಕಳು. ನಾಳೆ ಅವರ ಬೀಗರು ಜಂಬಯ್ಯ ಅವತ್ತು ಕಾಯಲಿಲ್ಲಲ್ಲ ಅಂದ್ರೆ ನಾನೇನು ಹೇಳ್ಲಿ?”

ಅವನ ಮಾತು ಸುಳ್ಳಾಗಿರಲಿಲ್ಲ.

ಆಗ ಬೀದಿಯಲ್ಲಿ ಒಂದು ಕಮಾನು ಗಾಡಿ ನಿಂತಿತು. ಕೊರಳಲ್ಲಿ ಬೆಳ್ಳಿ ಕರಡಿಗೆಯ ಲಿಂಗ, ಹಣೆಯಲ್ಲಿ ವಿಭೂತಿ ಇದ್ದ ಮುದುಕಿಯೊಬ್ಬಳು ಕೋಲೂರಿ ಇಳಿದಳು. ಕಂಕುಳಲ್ಲಿ ಬಟ್ಟೆಯ ಗಂಟು. ನಸೀಮಾ ಕಣ್ಣು ಕಿರಿದು ಮಾಡಿ ನೋಡಿ ಗುರುತು ಹಿಡಿದಳು. ಕಡರನಾಯಕನಹಳ್ಳಿಯ ಬಸವಣ್ಣೆಮ್ಮ.

ಬಸವಣ್ಣೆಮ್ಮ ಒಳಗೆ ಬಂದು ಓಬಕ್ಕನ ಮುಂದೆ ಕೂತು, ಅವಳ ಬಲಗೈಯನ್ನು ತನ್ನ ಎರಡೂ ಕೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡಳು. ಆಮೇಲೆ ಗಂಟು ಬಿಚ್ಚಿದಳು. ಒಳಗೆ ಹಸಿರು ನೂಲಿನ ಸೀರೆ, ಕೆಂಪು ಅಂಚು. ಅಂಗಡಿಯ ಮಡಿಕೆ ಬಿಚ್ಚಿರಲಿಲ್ಲ. ಮಡಿಕೆಯ ಗೆರೆ ಮಾತ್ರ ಹಳೆಯದಾಗಿ ಬಣ್ಣ ಬಿಟ್ಟಿತ್ತು.

“ತವರ ಸೀರೆ ತಂದೀನಿ,” ಎಂದಳು.

ಜಂಬಯ್ಯ ಬಾಗಿಲಲ್ಲಿ ನಿಂತು ಕೆಮ್ಮಿದ. “ತಪ್ಪು ತಿಳಿಬ್ಯಾಡ್ರಿ ತಾಯಿ. ನೀವು ಲಿಂಗವಂತರು, ಹೊಲಮನಿ ಇರೋರು. ನಾವು ನಾಯಕರು. ನಮ್ಮ ಹೆಣ್ಣಿಗೆ ನೀವು ತವರು ಹೆಂಗಾಗ್ತೀರಿ?”

“ಹೆಂಗಾಗ್ತೀನಿ ಅಂತ ಅವಳನ್ನೇ ಕೇಳಬೇಕಾಗಿತ್ತು. ಬಾಯಿ ಕಟ್ಟೀರಲ್ಲ.”

“ರಕ್ತ ಸಂಬಂಧದೋರು ಇರ್ಬೇಕಾದ್ರೆ...”

“ಎಲ್ಲಿ ಅದಾರೆ ತೋರಿಸು,” ಎಂದಳು ಅಕ್ಕನಾಗಮ್ಮ. “ಇನ್ನ ಗಂಡ ಸತ್ತಾಕಿಗೆ ಹಸಿರು ಯಾಕ ಅಂತ ಯಾರಾದ್ರೂ ಬಾಯಿ ತೆಗೆದ್ರೆ ನನ್ನ ಭಟ್ಟಿ ಕಡೆ ಬರೋದು ಬ್ಯಾಡ. ಈಗ್ಲೇ ಹೇಳೀನಿ.”

ನಸೀಮಾ ಸೀರೆಯನ್ನೇ ನೋಡುತ್ತಿದ್ದಳು. ಅದನ್ನು ಹಿಂದೆ ಒಮ್ಮೆ ನೋಡಿದ್ದಳು.

*

ನೀಲಕ್ಕ ಹೋದ ಮರುವರ್ಷ. ಬಸವಣ್ಣೆಮ್ಮನ ಮಗಳು ಉಮಾಮಹೇಶ್ವರಿ, ಲೋಕಿಕೆರೆಯ ಉಜ್ಜನಪ್ಪನವರ ಮನೆಯ ಸೊಸೆ. ಬೇನೆ ಶುರುವಾಗಿ ಸೂಲಗಿತ್ತಿಯರು ಕೈಬಿಟ್ಟ ಮೇಲೆ ಆಸ್ಪತ್ರೆಗೆ ತಂದಿದ್ದರು. ಉಜ್ಜನಪ್ಪನವರು ಊರಿಗೇ ದೊಡ್ಡ ಕುಳ. ಅವರ ಹೊಲವನ್ನೇ ಪಾಲಯ್ಯ ಗೇಣಿಗೆ ಮಾಡುತ್ತಿದ್ದ. ಗಂಡನೂ ಮಾವನೂ ಸೊಸೆಯನ್ನು ಬಿಟ್ಟು ಊರಿಗೆ ಹಿಂದಿರುಗಿದ್ದರು; ಕೊಯ್ಯುವುದಾದರೆ ತಮಗೆ ಹೇಳಿಕಳಿಸಬೇಕು, ಐನೋರನ್ನು ಕೇಳಿ ಹೇಳುತ್ತೇವೆ ಎಂದಿದ್ದರು.

ಡಾಕ್ಟರು ಹುಡುಗಿಯನ್ನು ನೋಡಿ ಹೊರಗೆ ಬಂದು, “ಆಳು ಹೋಗಿ ಬರೋದರೊಳಗೆ ಇವಳು ಇರೋದಿಲ್ಲ,” ಎಂದು ಮೆಲ್ಲಗೆ ಹೇಳಿದರು.

ಬೆಂಚಿನ ಮೇಲೆ ಬಸವಣ್ಣೆಮ್ಮ ಗಂಟೊಂದನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದಳು. ಗಂಟಿನ ಬಾಯಿಂದ ಹೊಸ ಸೀರೆಯ ಕೆಂಪು ಅಂಚು ಕಾಣುತ್ತಿತ್ತು. ಓಬಕ್ಕ ಅಲ್ಲಿಯೇ ನಿಂತಳು.

“ಇದ್ಯಾಕ ತಂದೀರಿ?”

ಬಸವಣ್ಣೆಮ್ಮ ಗಂಟನ್ನು ಅವಚಿಕೊಂಡಳು. “ಊರಾಗ ಹೆಂಗಸರು ಹೇಳಿದ್ರು. ದೂರದ ದಾರಿ, ಕೈಯಾಗ ಒಂದು ಸೀರೆ ಇಟ್ಕೊಂಡು ಹೋಗು ಅಂತ.” ಅಷ್ಟು ಹೇಳಿ ಮುಖ ಆಚೆ ತಿರುಗಿಸಿದಳು.

ಓಬಕ್ಕ ಒಳಗೆ ಹೋಗಿ ಒಪ್ಪಿಗೆ ಕಾಗದ ತಂದಳು. ನಸೀಮಾ ಶಾಯಿ ಪ್ಯಾಡು ಹಿಡಿದಳು. ಈ ಸಲ ಓಬಕ್ಕ ತಾನೇ ಆ ತಾಯಿಯ ಹೆಬ್ಬೆರಳನ್ನು ಹಿಡಿದು ಶಾಯಿಗೆ ಒತ್ತಿ, ಕಾಗದದ ಮೇಲೆ ಇಟ್ಟು, ಮೇಲಿಂದ ತನ್ನ ಬೆರಳಿಂದ ಅದುಮಿದಳು. ಕಾಗದವನ್ನು ಡಾಕ್ಟರ ಮೇಜಿನ ಮೇಲಿಟ್ಟಳು.

ವಾಮದೇವಪ್ಪನವರು ಓದಿದರು. “ಇದು ತಾಯಿದು.”

“ಹೌದ್ರಿ.”

“ಇದು ನಡೆಯೋದಿಲ್ಲ ಅಂತ ನಿನಗೆ ಗೊತ್ತಲ್ಲ.”

“ಗೊತ್ರಿ. ಕಮಿಟಿಯೋರು ಕೇಳಿದ್ರೆ, ಓಬಕ್ಕ ಹಾಕ್ಸಿದ್ಲು, ನಾನು ನೋಡ್ಲಿಲ್ಲ ಅಂತ ಹೇಳಿಬಿಡ್ರಿ.”

“ನಿನ್ನ ಕೆಲಸ ಹೋಗುತ್ತಲ್ಲಮ್ಮ.”

“ಹೋದ ವರ್ಷ ಒಂದು ಹೆಬ್ಬೆಟ್ಟು ದೂಡಿ ಕೆಲಸ ಉಳಿಸಿಕೊಂಡೆ, ಸಾಹೇಬ್ರೆ. ಉಳಿಸಿಕೊಂಡು ಏನು ಮಾಡಿದೆ? ದಿನಾ ಈ ಕೈ ನೋಡ್ತಾ ಕೂತೆ.” ಅವಳ ದನಿ ಏರಲಿಲ್ಲ. “ನೀರು ಕಾಯಿಸೀನಿ. ಏಳ್ರಿ.”

ಡಾಕ್ಟರು ಒಂದು ಕ್ಷಣ ಕಾಗದವನ್ನೇ ನೋಡಿದರು. ಆಮೇಲೆ ಪೆನ್ನು ತೆಗೆದು, ಹೆಬ್ಬೆಟ್ಟಿನ ಕೆಳಗೆ ‘ನಾನು ನೋಡಿದ್ದೇನೆ’ ಎಂದು ಬರೆದು ರುಜು ಹಾಕಿ ಎದ್ದರು.

ಉಮಾ ಉಳಿದಳು. ಹೆಣ್ಣುಮಗು, ಅದೂ ಉಳಿಯಿತು. ಬಸವಣ್ಣೆಮ್ಮ ಬಿಚ್ಚದ ಗಂಟನ್ನು ಹಾಗೇ ಊರಿಗೆ ಒಯ್ದಳು.

ಉಜ್ಜನಪ್ಪನವರು ಮಂಡಳಿಯ ಮುಂದೆ ಹೋಗಿ, ಕೇಳದೆ ತಮ್ಮ ಮನೆಯ ಸೊಸೆಯ ಹೊಟ್ಟೆಗೆ ಕತ್ತಿ ಹಾಕಿದರೆಂದು ಕೂಗಾಡಿದರು. ಡಾಕ್ಟರನ್ನು ಬಿಡಿಸಿದರೆ ಇನ್ನೊಬ್ಬರು ಸಿಗುತ್ತಿರಲಿಲ್ಲ. ನರ್ಸನ್ನು ಬಿಡಿಸಿದರು. ಅಷ್ಟಕ್ಕೇ ಮುಗಿಯಲಿಲ್ಲ. ಬಿತ್ತನೆಗೆ ಹದ ಮಾಡಿಟ್ಟಿದ್ದ ಹೊಲದಿಂದ ಪಾಲಯ್ಯನನ್ನು ಎಬ್ಬಿಸಿದರು.

ಅವನು ಆಸ್ಪತ್ರೆಯ ಮೆಟ್ಟಿಲಿಗೇ ಬಂದ. ಓಬಕ್ಕ ಟ್ರಂಕು ಇಳಿಸುತ್ತಿದ್ದಳು.

“ಅವರ ಮನೆ ಸೊಸೆ ಸತ್ರೆ ನಿನಗೇನಾಗ್ತಿತ್ತು? ನೀನು ನನ್ನ ಹೊಲ ಸಾಯ್ಸಿದೆ. ನನ್ನ ಮಕ್ಕಳ ಬಾಯಿಗೆ ಮಣ್ಣು ಹಾಕಿದೆ. ನಿನಗೂ ನನಗೂ ಮುಗೀತು. ನಿನ್ನ ಹೆಣಕ್ಕೂ ಸೀರೆ ತರಂಗಿಲ್ಲ.”

ನಸೀಮಾ ಅಲ್ಲಿಯೇ ಇದ್ದಳು. ಓಬಕ್ಕ ಟ್ರಂಕನ್ನು ಕೆಳಗಿಟ್ಟಳು. ಅವನು ಹೇಳಿದ್ದರಲ್ಲಿ ಹೊಲದ ಮಾತು ನಿಜವಾಗಿತ್ತು.

“ತರಬ್ಯಾಡ ಬಿಡಪ್ಪ,” ಎಂದಳು. “ಬಿಸಿಲಾಗ ಬಂದೀಯ. ರೊಟ್ಟಿ ಐತೆ, ಉಂಡು ಹೋಗು.”

ಅವನು ಉಣ್ಣದೆ ಹೋದ. ಅವಳು ಹರಿಹರಕ್ಕೆ ಬಂದಳು.

*

“ಇದು ಅದೇ ಸೀರೆ,” ಎಂದಳು ಬಸವಣ್ಣೆಮ್ಮ, ಜಂಬಯ್ಯನಿಗೆ. “ಉಮಾಗೆ ಅಂತ ಕಟ್ಟಿಕೊಂಡು ಹೋಗಿದ್ದು. ಬೇಕಾಗಲಿಲ್ಲ. ಬ್ಯಾರೇಯೋರಿಗೆ ಉಡಿಸೋಕೆ ಮನಸ್ಸು ಬರಲಿಲ್ಲ, ಸುಡೋಕೂ ಬರಲಿಲ್ಲ. ಪೆಟ್ಟಿಗ್ಯಾಗ ಇತ್ತು. ಉಮಾ ತಾನೂ ಬರ್ತೀನಿ ಅಂದ್ಲಂತೆ. ಗಂಡನ ಮನೆಯೋರು ಕಳಿಸಲಿಲ್ಲ. ಅವಳ ಪಾಲಿಂದೂ ನಾನೇ.”

ಜಂಬಯ್ಯ ತಲೆ ಕೆರೆದುಕೊಂಡ. ‘ಬೇಡ’ ಎನ್ನಲು ಬಾಯಿ ಬರಲಿಲ್ಲ, ‘ಆಗಲಿ’ ಎನ್ನಲು ಧೈರ್ಯವಿರಲಿಲ್ಲ.

“ಬಂದ,” ಎಂದ ಕೊಟ್ಟೂರಪ್ಪ ಬೀದಿಯಿಂದ.

ಪಾಲಯ್ಯ ಬಸ್‌ಸ್ಟ್ಯಾಂಡಿನ ಕಡೆಯಿಂದ ನಡೆದು ಬರುತ್ತಿದ್ದ. ಕಾಲಿಗೆ ಉತ್ತ ಹೊಲದ ಮಣ್ಣು ಒಣಗಿ ಹಿಡಿದಿತ್ತು. ಎಲ್ಲರೂ ಅವನ ಮುಖಕ್ಕಿಂತ ಮೊದಲು ಕೈ ನೋಡಿದರು. ಬರಿಗೈ. ಜಗಲಿ ಹತ್ತಿ ಬಾಗಿಲ ಬಳಿ ನಿಂತ.

“ಸೀರೆ?” ಎಂದ ಜಂಬಯ್ಯ.

“ತಂದಿಲ್ಲ. ಆಣೆ ಇಟ್ಟೀನಿ.”

“ಮತ್ತೆ ಯಾಕ ಬಂದೆ?”

ಪಾಲಯ್ಯ ಬಾಗಿಲ ಒಳಗೆ ನೋಡಿದ. ಗೋಡೆಗೆ ಒರಗಿ, ಬಿಳಿ ಸೀರೆಯಲ್ಲಿ, ಗದ್ದಕ್ಕೆ ಬಿಳಿ ಪಟ್ಟಿ ಕಟ್ಟಿಸಿಕೊಂಡು ಅಕ್ಕ ಕೂತಿದ್ದಳು. “ನೋಡಂಗಿಲ್ಲ ಅಂತ ಆಣೆ ಇಟ್ಟಿರಲಿಲ್ಲ,” ಎಂದ.

ಜಂಬಯ್ಯ ಬಸವಣ್ಣೆಮ್ಮನ ಕಡೆ ಕೈ ತೋರಿಸಿದ. “ಈ ತಾಯಿ ಕಡರನಾಯಕನಹಳ್ಳಿಯಿಂದ ಸೀರೆ ತಂದಾರೆ. ಉಜ್ಜನಪ್ಪನೋರ ಬೀಗತಿ. ತವರಿಗೆ ಅಂತ ಇರೋನು ನೀನೊಬ್ಬನೇ. ನೀನು ಹೂಂ ಅಂದ್ರೆ ಹೊದಿಸ್ತಾರೆ. ಉಹೂಂ ಅಂದ್ರೆ...”

ಉಜ್ಜನಪ್ಪನ ಹೆಸರು ಕೇಳಿ ಪಾಲಯ್ಯನ ದವಡೆ ಬಿಗಿಯಿತು. ಅವನು ಬಸವಣ್ಣೆಮ್ಮನನ್ನು ನೋಡಿದ; ಅವಳ ಕೈಯ ಸೀರೆಯನ್ನು ನೋಡಿದ. ಹೂಂ ಅನ್ನಲಿಲ್ಲ, ಉಹೂಂ ಅನ್ನಲಿಲ್ಲ. ಬೀದಿಯೆಲ್ಲ ಅವನ ಬಾಯಿಯನ್ನು ಕಾಯುತ್ತಾ ನಿಂತಿತು.

ನಸೀಮಾ ಕಾಯಲಿಲ್ಲ. ಒಳಗೆ ಹೋಗಿ ಅಡುಗೆ ಗೂಡಿನಿಂದ ಅರಿಶಿನದ ಬಟ್ಟಲು ತಂದು, ನೀರು ಚಿಮುಕಿಸಿ ಕಲೆಸಿದಳು. ಬಟ್ಟಲನ್ನು ಎಡಗೈಯಲ್ಲಿ ಹಿಡಿದು ಬಸವಣ್ಣೆಮ್ಮನ ಮುಂದೆ ಕೂತಳು.

“ವಿಧವೆಗೆ ಅರಿಶಿನ ಯಾಕ?” ಎಂದಳೊಬ್ಬಳು ಹಿಂದಿನಿಂದ.

“ಅರಿಶಿನ ಹೊಸ ಬಟ್ಟೆಗೆ ಕಣವ್ವ, ಆಕಿಗಲ್ಲ,” ಎಂದಳು ಅಕ್ಕನಾಗಮ್ಮ. “ಹಚ್ಚದೆ ಹೊದಿಸ್ತಾರೇನು?”

“ಜಂಬಯ್ಯಣ್ಣ,” ಎಂದಳು ನಸೀಮಾ, ತಲೆ ಎತ್ತದೆ. “ಅವತ್ತು ಅಕ್ಕ ಯಾರು ಹೂಂ ಅಂತಾರೆ ಅಂತ ಕಾದಿದ್ರೆ ಈ ಸೀರೆ ಎಂದೋ ಮಣ್ಣಾಗಿರ್ತಿತ್ತು. ಹಿಂಗೆ ತರ್ರಿ ಅಮ್ಮಾ ಕೈ.”

ಅವಳು ಮುದುಕಿಯ ಹೆಬ್ಬೆರಳನ್ನು ಹಿಡಿದು ಅರಿಶಿನಕ್ಕೆ ಅದ್ದಿ, ಸೆರಗಿನ ಮೂಲೆಯ ಮೇಲೆ ಇಟ್ಟು, ಮೇಲಿಂದ ತನ್ನ ಬೆರಳಿಂದ ಅದುಮಿದಳು. ಜಂಬಯ್ಯ ಏನೋ ಹೇಳಲು ಹೋಗಿ ಬಿಟ್ಟ. ಬಸವಣ್ಣೆಮ್ಮ ಮಡಿಕೆ ಬಿಚ್ಚಿದಳು. ಹಳೆಯ ಗೆರೆಗಳಲ್ಲಿ ನೂಲು ಬಿರುಸಾಗಿ ಸದ್ದು ಮಾಡಿತು. ಒಂದು ತುದಿಯನ್ನು ಓಬಕ್ಕನ ಹೆಗಲಿಗೆ ಏರಿಸಿದಳು. ಇನ್ನೊಂದು ತುದಿ ಅವಳ ಕೈಗೆ ಎಟುಕದೆ ಹೊಸ್ತಿಲ ಕಡೆಗೆ ಜಾರಿತು.

ನೆಲಕ್ಕೆ ತಾಗುವ ಮೊದಲು ಪಾಲಯ್ಯ ಬಗ್ಗಿ ಅದನ್ನು ಹಿಡಿದುಕೊಂಡ. ಹಿಡಿದು, ಹೊಸ್ತಿಲ ಆಚೆಯೇ ಮಂಡಿಯೂರಿ ಕೂತ. ಅವನ ಕಣ್ಣು ಸೆರಗಿನ ಮೂಲೆಯ ಹಸಿ ಹಳದಿಯ ಮೇಲಿತ್ತು. ಸ್ವಲ್ಪ ಹೊತ್ತಾದ ಮೇಲೆ, ಯಾರೂ ಹೇಳದೆ, ಮಣ್ಣು ಮೆತ್ತಿದ ಬಲಗೈಯನ್ನು ಪಂಚೆಗೆ ಒರೆಸಿಕೊಂಡು ಮುಂದೆ ಚಾಚಿದ.

ನಸೀಮಾ ಬಟ್ಟಲನ್ನು ಅವನ ಕಡೆ ಸರಿಸಿದಳು.

ಹಲಗೆ ಬಡಿಯತೊಡಗಿತು. ಹೊಳೆಯ ಕಡೆ ಹೊತ್ತೊಯ್ಯುವಾಗ ಗಾಳಿಗೆ ಹಸಿರು ಸೆರಗಿನ ಮೂಲೆ ಮಡಚಿ ಮಡಚಿ ತೆರೆಯುತ್ತಿತ್ತು. ಅದರ ಮೇಲೆ ಎರಡು ಹೆಬ್ಬೆಟ್ಟು. ಒಂದು ಒಣಗಿ ಅಚ್ಚ ಹಳದಿಯಾಗಿತ್ತು, ಇನ್ನೊಂದು ಹೊಲದ ಮಣ್ಣು ಸೇರಿ ಸ್ವಲ್ಪ ಕಪ್ಪಾಗಿ, ಇನ್ನೂ ಹಸಿಯಾಗಿತ್ತು.